ಉಪಾಧ್ಯಾಯನ ಸಂಕಲ್ಪ

ನಮ್ಮ ಹಿರಿಯರು ಯಾವ ಶುಭಕರ್ಮವನ್ನೂ ಸಂಕಲ್ಪವಿಲ್ಲದೆ ಆರಂಭಿಸುತ್ತಿರಲಿಲ್ಲ. ಕರ್ತೃವು ಆಚಮನವನ್ನು ಮಾಡಿ, ತಾನಿರುವ ದೇಶವನ್ನೂ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಗಳನ್ನೂ ಉಚ್ಚರಿಸಿ, ಇಂಥವನು ಇಂಥ ಪ್ರಯೋಜನಕ್ಕಾಗಿ ಇಂಥ ಕರ್ಮವನ್ನು ಮಾಡುವನೆಂದು ಹೇಳಿ ನೀರು ಬಿಡುವನು. ಈ ವಿಧಿಯಲ್ಲಿ ಅಡಗಿರುವ ಲೋಕವಿವೇಕವು ಸಾಮಾನ್ಯವಾದುದಲ್ಲ. ಎಂದಾದರೊಂದು ದಿನ ಏನಾದರೂ ಒಳ್ಳೆಯದನ್ನು ಮಾಡಬೇಕೆಂಬುದು ಹಾರೈಕೆಯೇ ಹೊರತು ಸಂಕಲ್ಪವಲ್ಲ. ದೇಶ, ಕಾಲ, ಕರ್ತೃ, ಕರ್ಮ, ಪ್ರಯೋಜನಗಳೆಂಬ ಐದೂ ನಿಶ್ಚಿತವಾದ ಮೇಲೆಯೇ ಮನಸ್ಸಿಗೆ ಕಟ್ಟುಪಾಡು ಉಂಟಾಗುವುದು. ಪಾಠ ಹೇಳುವ ವೃತ್ತಿಯಲ್ಲಿರತಕ್ಕವರು ತಮ್ಮ ಏಳಿಗೆಗಾಗಿ ಗುರಿಗಳನ್ನು ಇಟ್ಟುಕೊಳ್ಳುವಾಗ ಈ ಮಾತನ್ನು ನೆನೆಯುವುದು ಲೇಸು.

2020ರಲ್ಲಿ ಪ್ರಕಟವಾದ ರಾಷ್ಟ್ರೀಯ ಶಿಕ್ಷಣ ನೀತಿಯು, ಪ್ರತಿಯೊಬ್ಬ ಶಿಕ್ಷಕನೂ ತನ್ನ ಆಸಕ್ತಿಗೆ ಅನುಗುಣವಾಗಿ ವರ್ಷಕ್ಕೆ ಕನಿಷ್ಠ 50 ಗಂಟೆಗಳ ಕಾಲ ವೃತ್ತಿಯ ಅಭ್ಯಾಸದಲ್ಲಿ ತೊಡಗಬೇಕೆಂದು ಅಪೇಕ್ಷಿಸಿರುವುದು. ಇದು ಸ್ತುತ್ಯವಾದ ಉದ್ದೇಶವೇ ಸರಿ. ಆದರೆ ಗಂಟೆಯು ಕಾಲದ ಅಳತೆ, ಜ್ಞಾನದ ಅಳತೆಯಲ್ಲ. ಐವತ್ತು ಗಂಟೆ ಉಪನ್ಯಾಸಗಳನ್ನು ಕೇಳಿ ಪ್ರಮಾಣಪತ್ರವನ್ನು ಪಡೆದವನ ತರಗತಿಯಲ್ಲಿ ಹಿಂದಿನ ಸಾಲಿನ ಮಗುವು ಮೊದಲಿದ್ದಲ್ಲಿಯೇ ಇದ್ದರೆ, ಬೆಳೆದುದು ಯಾರು?

ಪತಂಜಲಿ ಮಹರ್ಷಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ, ವಿದ್ಯೆಯು ನಾಲ್ಕು ಕಾಲಗಳಲ್ಲಿ ಸಾರ್ಥಕವಾಗುವುದೆಂದು ವಿಭಾಗ ಮಾಡಿರುವನು. ಗುರುವಿನಿಂದ ಪಡೆಯುವ ಕಾಲ, ತಾನೇ ಅಭ್ಯಾಸ ಮಾಡುವ ಕಾಲ, ಇತರರಿಗೆ ಬೋಧಿಸುವ ಕಾಲ, ಬಳಕೆಗೆ ತರುವ ಕಾಲ ಎಂಬಿವೇ ಆ ನಾಲ್ಕು. ನೌಕರಿಯು ದೊರೆತೊಡನೆ ಮೊದಲಿನೆರಡು ಮುಗಿದುವೆಂದೂ, ಮೂರನೆಯದೊಂದೇ ಉಳಿಯಿತೆಂದೂ ತಿಳಿಯುವವರು ಅನೇಕರು. ಹಾಗೆ ತಿಳಿದವರ ಪಾಠವು ಹತ್ತು ವರ್ಷಗಳಲ್ಲಿ ಒರತೆಯಿಲ್ಲದ ಬಾವಿಯಂತಾಗುವುದು. ಉಡುಪಿಯಲ್ಲಿ ವ್ಯಾಯಾಮಶಿಕ್ಷಕರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನವರಿಗೆ ಹಳಗನ್ನಡವನ್ನು ಓದೆಂದು ವಿಧಿಸಿದ ನೌಕರಿಯ ನಿಯಮವಾವುದೂ ಇರಲಿಲ್ಲ. ಆದರೂ ಅವರು ಬಡತನ, ರೋಗಗಳ ನಡುವೆ ಪೂರ್ವಕವಿಗಳನ್ನು ಅಭ್ಯಾಸ ಮಾಡಿ, ಮುದ್ದಣನೆಂಬ ಹೆಸರಿನಿಂದ ‘ಶ್ರೀರಾಮಾಶ್ವಮೇಧ’ವನ್ನು ರಚಿಸಿ, 1901ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ಸ್ವಾಧ್ಯಾಯದ ಬಲವೇನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಆದರೆ ಸ್ವಾಧ್ಯಾಯವೊಂದರಿಂದಲೇ ಉಪಾಧ್ಯಾಯನಾಗುವುದಿಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರಿಗೆ ತಮ್ಮಲ್ಲಿ ಯಾರು ಮೇಲೆಂಬ ಕಲಹವು ಹುಟ್ಟುವುದು. ಒಬ್ಬನಿಗೆ ವಿದ್ಯೆಯು ತನ್ನಲ್ಲಿ ಶೋಭಿಸುವುದು, ಇನ್ನೊಬ್ಬನಿಗೆ ಅದನ್ನು ಪರರಲ್ಲಿ ನೆಲೆಗೊಳಿಸುವ ಶಕ್ತಿಯಿರುವುದು, ಎರಡೂ ಉಳ್ಳವನೇ ಶಿಕ್ಷಕರಲ್ಲಿ ಅಗ್ರಗಣ್ಯನೆಂದು ಅಲ್ಲಿ ತೀರ್ಮಾನವಾಗಿ, ಆಚಾರ್ಯರ ಪರೀಕ್ಷೆಯನ್ನು ಶಿಷ್ಯೆಯರ ಪ್ರಯೋಗದ ಮೂಲಕ ಮಾಡಬೇಕೆಂದು ಗೊತ್ತಾಗುವುದು. ಕೇವಲ ಹೊಟ್ಟೆಪಾಡಿಗಾಗಿ ವಿದ್ಯೆಯುಳ್ಳವನು ಜ್ಞಾನವನ್ನು ಮಾರುವ ವರ್ತಕನೆಂಬ ಕಟುವಾದ ಮಾತೂ ಆ ಅಂಕದಲ್ಲಿಯೇ ಇರುವುದು. ಆದರೆ ಅರಮನೆಯ ಆಚಾರ್ಯನು ತನ್ನ ಅತ್ಯುತ್ತಮಳಾದ ಶಿಷ್ಯೆಯನ್ನು ಮುಂದೆ ನಿಲ್ಲಿಸಬಹುದು. ಹಳ್ಳಿಯ ಶಾಲೆಯ ಉಪಾಧ್ಯಾಯನಿಗೆ ಆ ಸೌಕರ್ಯವಿಲ್ಲ. ಅವನ ಪರೀಕ್ಷೆಯು ಅತ್ಯಂತ ಹಿಂದುಳಿದ ಮಗುವಿನಲ್ಲಿ ನಡೆಯತಕ್ಕದ್ದು.

ಘಟ್ಟದ ಮೇಲೆ, ಕಾಫಿಯ ತೋಟಗಳ ನಡುವಣ ಒಂದು ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದ ಪಂಡಿತರೊಬ್ಬರು ಈ ಪರೀಕ್ಷೆಗೆ ತಮ್ಮನ್ನು ಒಪ್ಪಿಸಿಕೊಂಡಿದ್ದರು. ಪ್ರತಿವರ್ಷವೂ ಶಾಲೆ ತೆರೆದ ಮೊದಲ ವಾರದಲ್ಲಿ ಅವರು ಒಂದು ಪುಸ್ತಕದಲ್ಲಿ ಒಂದೇ ಒಂದು ಸಂಕಲ್ಪವನ್ನು ಬರೆದಿಡುತ್ತಿದ್ದರು. ಎರಡನ್ನು ಬರೆದರೆ ಒಂದರ ನೆಪದಿಂದ ಮತ್ತೊಂದು ತಪ್ಪಿಸಿಕೊಳ್ಳುವುದೆಂಬುದು ಅವರ ಮತ. ಒಂದು ವರ್ಷ ಅವರು ಬರೆದುದು ಇಷ್ಟು: ನಾಲ್ಕನೆಯ ತರಗತಿಯಲ್ಲಿ ಒತ್ತಕ್ಷರಗಳನ್ನು ಗುರುತಿಸಲಾರದ ನಾಲ್ವರು ಮಕ್ಕಳು ಸಂಕ್ರಾಂತಿಯೊಳಗೆ ಹಿಂದೆ ಕಾಣದ ಒಂದು ಪುಟವನ್ನು ತಾವಾಗಿ ಓದಬೇಕು, ಅದಕ್ಕಾಗಿ ದಿನವೂ ಮಧ್ಯಾಹ್ನದ ಗಂಟೆಗೆ ಮುಂಚೆ ಕಾಲುಗಂಟೆ.

ಆ ಮಕ್ಕಳ ತಾಯಿತಂದೆಗಳು ತೋಟದ ಕೂಲಿಗಾಗಿ ಕರಾವಳಿಯಿಂದ ಬಂದವರು, ಮನೆಮಾತು ತುಳು. ಪಾಠದ ಕನ್ನಡವು ಅವರಿಗೆ ಅಕ್ಷರದಲ್ಲಿ ಮಾತ್ರವಲ್ಲ, ಅರ್ಥದಲ್ಲಿಯೂ ಹೊಸದು. ಇದನ್ನು ಕಂಡುಕೊಂಡ ಪಂಡಿತರು, ಸಿದ್ಧಾಂತಕೌಮುದಿಯನ್ನು ಕೈಬರಹದಂತೆ ಬಲ್ಲವರಾದರೂ, ಸಾಯಂಕಾಲ ಕೂಲಿಗಳ ಲಾಯಿನಿಗೆ ಹೋಗಿ, ವೃದ್ಧೆಯರನ್ನು ಕೇಳಿ, ತುಳುವಿನ ನಿತ್ಯದ ಮಾತುಗಳನ್ನು ಒಂದೊಂದಾಗಿ ಬರೆದುಕೊಂಡರು. ‘ನೀರು’ ಎಂಬಲ್ಲಿ ಮಗುವಿನ ಮನಸ್ಸಿನಲ್ಲಿ ‘ನೀರ್’ ಇರುವುದು, ದಾರಿಯು ದೂರವಿಲ್ಲ. ‘ಬೆಕ್ಕು’ ಎಂಬಲ್ಲಿ ‘ಪುಚ್ಚೆ’ ಇರುವುದು, ಅಲ್ಲಿ ಸೇತುವೆಯನ್ನು ಕಟ್ಟಬೇಕು. ಹೀಗೆ ಮಕ್ಕಳು ಒತ್ತಕ್ಷರವನ್ನು ಕಲಿಯುವಷ್ಟರಲ್ಲಿ ಗುರುಗಳು ಒಂದು ಭಾಷೆಯ ಹೊಸ್ತಿಲನ್ನು ದಾಟಿದ್ದರು. ತಮ್ಮ ಏಳಿಗೆಗಾಗಿ ಬೇರೊಂದು ಗುರಿಯನ್ನು ಅವರು ಬರೆದಿರಲಿಲ್ಲ. ಮಗುವಿನ ಅಗತ್ಯವೇ ಅವರನ್ನು ಶಿಷ್ಯರನ್ನಾಗಿ ಮಾಡಿತು.

ಸಂಕ್ರಾಂತಿಯ ಹೊತ್ತಿಗೆ ಮೂವರು ಪುಟವನ್ನು ಓದಿದರು. ನಾಲ್ಕನೆಯವಳ ತಾಯಿತಂದೆಗಳು ಕಾಫಿಯ ಕೊಯ್ಲಿನ ನಡುವೆಯೇ ಬೇರೊಂದು ತೋಟಕ್ಕೆ ಹೊರಟುಹೋಗಿದ್ದರು. ಹೋಗುವ ಮುನ್ನ ಅವಳು ‘ಅಕ್ಕ’, ‘ಹಣ್ಣು’ಗಳನ್ನು ಓದುತ್ತಿದ್ದಳು, ‘ಚಂದ್ರ’ದಲ್ಲಿ ತಡೆಯುತ್ತಿದ್ದಳು. ಮೂವರ ಓದನ್ನು ಕಂಡು ಸಹೋದ್ಯೋಗಿಗಳು ಅಭಿನಂದಿಸಿದಾಗ ಪಂಡಿತರು ಕೈಮುಗಿದರಲ್ಲದೆ ಹೆಚ್ಚು ಮಾತನಾಡಲಿಲ್ಲ. ಆ ಸಂಜೆ ಪುಸ್ತಕದಲ್ಲಿ, ಮೂವರು ಸಂದರು, ಒಬ್ಬಳು ಬಾಕಿ ಎಂದು ಬರೆದರು.

ಸಂಕಲ್ಪದ ಗುಣವು ತಿಳಿಯುವುದು ಇಂತಹ ಬಾಕಿಯಲ್ಲಿಯೇ. ಗುರಿಯು ನಿಶ್ಚಿತವಾಗಿರದಿದ್ದರೆ ಮೂವರ ಸಂತೋಷದಲ್ಲಿ ನಾಲ್ಕನೆಯವಳು ಮರೆತುಹೋಗುತ್ತಿದ್ದಳು. ಬಾಕಿಯೆಂಬ ಶಬ್ದಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಮರುವರ್ಷ ಪಂಡಿತರ ಸಂಕಲ್ಪವು ಬದಲಾಯಿತು: ಶಾಲೆಯನ್ನು ಬಿಟ್ಟುಹೋಗುವ ಪ್ರತಿಯೊಂದು ಮಗುವಿನ ಕೈಯಲ್ಲಿಯೂ ಮುಂದಿನ ಉಪಾಧ್ಯಾಯರಿಗೆ ಒಂದು ಪತ್ರವನ್ನು ಕೊಟ್ಟು ಕಳುಹಿಸತಕ್ಕದ್ದು, ಮಗುವು ಎಲ್ಲಿಯವರೆಗೆ ಬಂದಿದೆ, ಎಲ್ಲಿ ತಡೆಯುತ್ತದೆ, ಮನೆಮಾತು ಯಾವುದು ಎಂಬುದು ಅದರಲ್ಲಿರಬೇಕು. ಮೊದಲನೆಯ ಪತ್ರವನ್ನು ಅವರು ವರ್ಷಾರಂಭವನ್ನು ಕಾಯದೆ, ಆ ಹುಡುಗಿಯ ಹೊಸ ತೋಟದ ಹೆಸರನ್ನು ಲಾಯಿನಿನಲ್ಲಿ ವಿಚಾರಿಸಿ ತಿಳಿದು, ಅದರ ಸಮೀಪದ ಶಾಲೆಗೆ ಅಂಚೆಯಲ್ಲಿ ಕಳುಹಿಸಿದರು. ಅದರ ಕೊನೆಯಲ್ಲಿ ‘ಚಂದ್ರ’ ಎಂಬ ಶಬ್ದವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಇಲ್ಲಿಂದ ಮುಂದುವರಿಸಬೇಕೆಂದು ಬೇಡಿಕೊಂಡಿದ್ದರು.