ಅಪ್ಪನಿಗೆ ಕೇಳಿಸದ ‘ಕುಂಯ್’

ಕಾರು ಸೆಕೆಂಡ್ ಹ್ಯಾಂಡ್, ಸ್ಟೀರಿಯೋ ಮಾತ್ರ ಹೊಸದು. ಹೋದ ವರ್ಷ ದೀಪಾವಳಿಗೆ ಊರಿಗೆ ಹೊರಡುವ ಮುಂಚೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಟಚ್‌ಸ್ಕ್ರೀನ್ ಸ್ಟೀರಿಯೋ, ನಾಲ್ಕು ಸ್ಪೀಕರ್, ಸೀಟಿನ ಕೆಳಗೆ ಪುಟ್ಟದೊಂದು ಆಂಪ್ಲಿಫೈಯರ್ ಹಾಕಿಸಿದೆ. ಒಂದೂವರೆ ಗಂಟೆಯಲ್ಲಿ ಮುಗಿಸಿ “ಸೂಪರಾಗಿದೆ ಸಾರ್” ಅಂತ ಕೀ ಕೊಟ್ಟರು. ಸಿಟಿ ಗದ್ದಲದಲ್ಲಿ ನನಗೂ ಸೂಪರ್ ಅನ್ನಿಸಿತು. ತುಮಕೂರು ದಾಟಿ ಕಿಟಕಿ ಏರಿಸಿದ ಮೇಲೆ ಅಸಲಿ ಬಣ್ಣ ಗೊತ್ತಾಯ್ತು. ಹಾಡಿನ ಹಿಂದೆ ಸೊಳ್ಳೆಯಂತೆ ಒಂದೇ ಸಮನೆ ‘ಕುಂಯ್’. ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತೆ, ಬಿಟ್ಟರೆ ಅದೂ ಇಳಿಯುತ್ತೆ. ಶಿರಾ, ಹಿರಿಯೂರು, ಚಳ್ಳಕೆರೆ ದಾಟಿ ನನ್ನಿವಾಳ ಸೇರೋವರೆಗೂ ಆ ಸೊಳ್ಳೆ ನನ್ನ ಜೊತೆಗೇ ಬಂತು.

ಕಾರು ತಗೊಂಡಿದ್ದೇ ಅಪ್ಪ, ಅಮ್ಮನನ್ನು ಓಡಾಡಿಸೋಕೆ. ಅಪ್ಪನಿಗೆ ಹಾಡಿನ ಹುಚ್ಚಿಲ್ಲ. ರೇಡಿಯೋ ಬೇಕು, ಅದರಲ್ಲಿ ಚಿತ್ರದುರ್ಗ ಆಕಾಶವಾಣಿ ಬರಬೇಕು. ಹೊಸ ಸ್ಟೀರಿಯೋದಲ್ಲಿ ಅದೂ ಬರ್ತಿರಲಿಲ್ಲ, ಬರೀ ಜರ್ರ್ ಅನ್ನೋ ಸದ್ದು. “ಇಷ್ಟು ದುಡ್ಡು ಕೊಟ್ಟು ರೇಡಿಯೋನೂ ಬರಲ್ವೇನಪ್ಪ?” ಅಂದರು. ಇಂಜಿನಿಯರ್ ಮಗನಿಗೆ ಇದಕ್ಕಿಂತ ಅವಮಾನ ಬೇಕಾ? ಮಾರನೇ ದಿನ ಬೆಳಿಗ್ಗೆ ಮನೆ ಮುಂದಿನ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಸ್ಕ್ರೂಡ್ರೈವರ್, ಮಲ್ಟಿಮೀಟರ್ ಹಿಡಿದು ಕೂತೆ.

ನನ್ನ ಕೆಲಸದಲ್ಲಿ ಒಂದು ನಿಯಮ ಇದೆ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಆಮೇಲೆ ನೋಡು. ಮೊದಲು ರೇಡಿಯೋ. ಸ್ಟೀರಿಯೋ ಹೊರಗೆಳೆದು ನೋಡಿದರೆ ನೀಲಿ ವೈರ್ ಒಂದಕ್ಕೆ ಟೇಪ್ ಸುತ್ತಿ ಸುಮ್ಮನೆ ಬಿಟ್ಟಿದ್ದರು. ಎಷ್ಟೋ ಕಾರುಗಳ ಆಂಟೆನಾದಲ್ಲಿ ಸಿಗ್ನಲ್ ಹೆಚ್ಚಿಸುವ ಚಿಕ್ಕ ಸರ್ಕ್ಯೂಟ್ ಇರುತ್ತೆ. ಅದಕ್ಕೆ ಕರೆಂಟ್ ಹೋಗೋದು ಈ ವೈರಿನಿಂದ. ಜೋಡಿಸಿದ ತಕ್ಷಣ ಚಿತ್ರದುರ್ಗ ಸ್ವಚ್ಛವಾಗಿ ಬಂತು. ಅಪ್ಪನ ಮುಖ ಅರಳಿತು.

ಎರಡನೇದು ಬೇಸ್. ನಾಲ್ಕು ಸ್ಪೀಕರ್ ಇದ್ದೂ ಹಾಡು ತಗಡಿನ ಡಬ್ಬದೊಳಗಿಂದ ಬಂದ ಹಾಗಿತ್ತು. ಬ್ಯಾಲೆನ್ಸನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದರೆ ಬೇಸ್ ಬರುತ್ತೆ, ಮಧ್ಯಕ್ಕೆ ತಂದರೆ ಮಾಯ! ಅಂದರೆ ಯಾವುದೋ ಸ್ಪೀಕರಿಗೆ ಪ್ಲಸ್ಸು ಮೈನಸ್ಸು ಅದಲುಬದಲಾಗಿದೆ. ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತೆ. ಸ್ಪೀಕರ್ ವೈರ್ ಬಿಚ್ಚಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಾಗಿಸಿದೆ. ಪ್ಲಸ್ಸಿಗೆ ಪ್ಲಸ್ ಕೊಟ್ಟಾಗ ಕೋನ್ ಹೊರಗೆ ಬರಬೇಕು. ಮುಂದಿನ ಎಡಗಡೆಯದು ಒಳಗೆ ಹೋಯ್ತು. ವೈರ್ ತಿರುಗಿಸಿದೆ, ಸರಿಹೋಯ್ತು.

ಉಳಿದಿದ್ದು ಕುಂಯ್. ವಾಲ್ಯೂಮ್ ಸೊನ್ನೆ ಮಾಡಿದರೂ ಅದು ಅಷ್ಟೇ ಇತ್ತು. ಅಂದರೆ ಸದ್ದು ನುಸುಳ್ತಿರೋದು ವಾಲ್ಯೂಮ್ ದಾಟಿದ ಮೇಲೆ. ಆಂಪ್ಲಿಫೈಯರಿನಿಂದ ಆಡಿಯೋ ಕೇಬಲ್ ಕಿತ್ತರೆ ಪೂರ್ತಿ ನಿಶ್ಶಬ್ದ. ಹಾಗಾದರೆ ಸ್ಟೀರಿಯೋದಿಂದ ಆಂಪ್ಲಿಫೈಯರಿಗೆ ಬರೋ ದಾರಿಯಲ್ಲೇ ತೊಂದರೆ. ಇಲ್ಲಿಂದ ಮುಂದೆ ನನಗೆ ಇನ್ನೊಂದು ಜೊತೆ ಕಿವಿ ಬೇಕಿತ್ತು. ಅಪ್ಪನನ್ನು ಪಕ್ಕದ ಸೀಟಲ್ಲಿ ಕೂರಿಸಿ, ನಾನು ಆಕ್ಸಿಲರೇಟರ್ ಒತ್ತಿದೆ.

“ಅಪ್ಪಾ, ಸದ್ದು ಜಾಸ್ತಿ ಆಯ್ತಾ?”

“ಇಲ್ಲಪ್ಪ, ನಿಂತೋತು.”

ನನ್ನ ಕಿವಿಯಲ್ಲಿ ಆಗ ಅದು ಕಿರುಚ್ತಿತ್ತು. ಕಾಲು ತೆಗೆದೆ. “ಹಾಂ, ಈಗ ಸಣ್ಣಗೆ ಐತೆ ನೋಡು,” ಅಂದರು. ಮತ್ತೆ ಒತ್ತಿದೆ. “ಹೋತು.” ನಾಲ್ಕು ಸಲ ಮಾಡಿದರೂ ಉತ್ತರ ಉಲ್ಟಾನೇ. “ಸರಿಯಾಗಿ ಕೇಳಿಸ್ಕೊಳಪ್ಪ ಸ್ವಲ್ಪ!” ಅಂತ ರೇಗಿಬಿಟ್ಟೆ. ಅಪ್ಪ ಏನೂ ಅನ್ನದೆ ಕಿಟಕಿ ಆಚೆ ನೋಡಿದರು.

ಆಮೇಲೆ ಒಂದು ಲೆಕ್ಕ ತಲೆಗೆ ಬಂತು. ಈ ಕುಂಯ್ ಹುಟ್ಟೋದು ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರಿನಲ್ಲಿ. ಸಾಮಾನ್ಯ ಆಲ್ಟರ್ನೇಟರ್ ಒಂದು ಸುತ್ತು ತಿರುಗಿದರೆ ಅದರ ಕರೆಂಟಿನಲ್ಲಿ 36 ಸಣ್ಣ ಏರಿಳಿತ. ಅದು ಇಂಜಿನ್ನಿಗಿಂತ ಸುಮಾರು ಎರಡೂವರೆ ಪಟ್ಟು ಜೋರಾಗಿ ತಿರುಗುತ್ತೆ. ಇಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿದ್ದಾಗ ಸದ್ದು ಹತ್ತಿರ ಹತ್ತಿರ 1200 ಹರ್ಟ್ಜ್. 2500 ಸುತ್ತಿಗೆ ಹೋದರೆ 3750. ಅಪ್ಪ ತಪ್ಪು ಹೇಳ್ತಿರಲಿಲ್ಲ. ಸದ್ದು ಏರುತ್ತಾ ಏರುತ್ತಾ ಅವರ ಕಿವಿ ಮುಟ್ಟದ ಜಾಗಕ್ಕೆ ಹೋಗ್ತಿತ್ತು.

ಫೋನಲ್ಲಿ ಟೋನ್ ಬಾರಿಸೋ ಆ್ಯಪ್ ಹಾಕಿಕೊಂಡೆ. 1000 ಹರ್ಟ್ಜ್: “ಕೇಳ್ತೈತೆ.” 2000: ವಾಲ್ಯೂಮ್ ಏರಿಸಿದ ಮೇಲೆ, “ಹೂಂ.” 4000: ಪೂರ್ತಿ ವಾಲ್ಯೂಮು, ನನಗೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸ್ತಿದೆ. ಅಪ್ಪ ಫೋನನ್ನೇ ನೋಡ್ತಾ ಕೇಳಿದರು, “ಇನ್ನೂ ಹಾಕಿಲ್ವೇನೋ?”

ಅಪ್ಪ 22 ವರ್ಷ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ದುಡಿದವರು. ಎಣ್ಣೆ ನಗರ ಅಂತ ಹೆಸರಾದ ಊರದು; ಸುತ್ತಲ ಶೇಂಗಾ ಎಲ್ಲಾ ಅಲ್ಲಿಗೇ ಹೋಗ್ತಿದ್ದ ಕಾಲ. ಶೇಂಗಾ ಸುಲಿಯೋ ಮಷೀನು, ಎಣ್ಣೆ ಹಿಂಡೋ ಎಕ್ಸ್‌ಪೆಲ್ಲರು, ತಗಡಿನ ಶೀಟು. ಚಿಕ್ಕವನಿದ್ದಾಗ ಬುತ್ತಿ ಕೊಡೋಕೆ ಹೋಗಿ, ಒಳಗೆ ಯಾರು ಏನಂದರೂ ಕೇಳಿಸದೆ ಕೈಸನ್ನೆ ನೋಡ್ತಾ ನಿಲ್ಲುತ್ತಿದ್ದೆ. ಅಂಥ ಸದ್ದು ಒಳಗಿವಿಯ ಸೂಕ್ಷ್ಮ ರೋಮಕೋಶಗಳನ್ನು ಸಾಯಿಸುತ್ತೆ. ಅವು ಮತ್ತೆ ಹುಟ್ಟಲ್ಲ. ಮೊದಲು ಹೋಗೋದು 4000 ಹರ್ಟ್ಜ್ ಆಸುಪಾಸಿನ ಕೀರಲು ಸದ್ದುಗಳು. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯ ಕಾಯಿಲೆಗಳ ಪಟ್ಟಿಯಲ್ಲಿ ಈ ಕಿವುಡೂ ಇತ್ತು. ಅಪ್ಪ ಕಿವಿಗೆ ಹತ್ತಿ ಇಟ್ಟುಕೊಂಡಿದ್ದನ್ನೂ ನಾನು ನೋಡಿಲ್ಲ. ಆ ಮಿಲ್ಲಿನ ಸಂಬಳದಲ್ಲಿ ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದನ್ನು ಮಾತ್ರ ನೋಡಿದ್ದೇನೆ.

ಇಂಥ ಕಿವಿಗೆ ಮಾತು ಕೇಳುತ್ತೆ, ಅಕ್ಷರ ಬಿಟ್ಟುಹೋಗುತ್ತೆ. ಸ, ಶ, ಥರದ ಅಕ್ಷರಗಳು ಬದುಕೋದು ಅದೇ ಕೀರಲು ಜಾಗದಲ್ಲಿ. ನಮ್ಮನೇಲಿ ಒಂದು ಹಳೇ ತಮಾಷೆ ಇದೆ: ಅಮ್ಮ ‘ಸೊಪ್ಪು ತನ್ನಿ’ ಅಂದರೆ ಅಪ್ಪ ಉಪ್ಪು ತರ್ತಾರೆ. “ನಿಮ್ಮಪ್ಪಂಗೆ ಬೇಕಾದ್ದು ಮಾತ್ರ ಕೇಳ್ತೈತೆ” ಅಂತ ಅಮ್ಮ ಬೈಯೋದು, ನಾವು ನಗೋದು. ಅಕ್ಕನ ಮಗಳು ಏನೋ ಹೇಳಿದರೆ ಅಪ್ಪ ಸುಮ್ಮನೆ ನಗ್ತಾ ತಲೆ ಆಡಿಸ್ತಿದ್ದರು. ಅದನ್ನು ಮುದ್ದು ಅಂದುಕೊಂಡಿದ್ದೆವು. ಅವತ್ತು ಮಧ್ಯಾಹ್ನ ಅಮ್ಮನಿಗೆ ವಿಷಯ ಹೇಳಿದೆ. ಮುದ್ದೆ ತೊಳಸ್ತಿದ್ದ ಕೈ ನಿಂತಿತು. “ಇಷ್ಟು ವರ್ಷ ಸುಮ್ಮಸುಮ್ಮನೆ ಬೈದ್ನಲ್ಲೋ” ಅಂದಳು, ಅಷ್ಟೇ.

ಕುಂಯ್ ಸಂಜೆಗೆ ಸಿಕ್ಕಿಬಿತ್ತು. ಆಂಪ್ಲಿಫೈಯರಿನ ಅರ್ತ್ ವೈರನ್ನು ಸೀಟಿನ ಕೆಳಗೆ ಪೇಂಟಿನ ಮೇಲೇ ಬಿಗಿದಿದ್ದರು. ಸ್ಟೀರಿಯೋದ ಅರ್ತ್ ಇನ್ನೊಂದು ಕಡೆ. ಎರಡರ ನಡುವಿನ ಚೂರು ವೋಲ್ಟೇಜ್ ವ್ಯತ್ಯಾಸವೇ ಆಡಿಯೋ ಕೇಬಲಿಗೆ ಇಳಿದು ಕುಂಯ್ ಅಂತಿತ್ತು. ಪೇಂಟ್ ಕೆರೆದು, ಬರೀ ಲೋಹ ಕಾಣೋ ಹಾಗೆ ಮಾಡಿ ಗಟ್ಟಿಯಾಗಿ ಬಿಗಿದೆ. ಬ್ಯಾಟರಿ ವೈರಿನ ಜೊತೆ ಕಟ್ಟಿದ್ದ ಆಡಿಯೋ ಕೇಬಲನ್ನು ಕಾರಿನ ಇನ್ನೊಂದು ಬದಿಯಿಂದ ಎಳೆದೆ. ಸೊಳ್ಳೆ ಹಾರಿಹೋಯ್ತು. ಖುಷಿ ಮಾತ್ರ ಆಗಲಿಲ್ಲ.

ಹಬ್ಬ ಮುಗಿದ ಮೇಲೆ ಅಪ್ಪನನ್ನು ಚಿತ್ರದುರ್ಗಕ್ಕೆ ಕರ್ಕೊಂಡು ಹೋಗಿ ಸರಿಯಾದ ಪರೀಕ್ಷೆ ಮಾಡಿಸಿದೆ. ಫೋನಿನ ಆ್ಯಪ್ ಅನುಮಾನ ಹುಟ್ಟಿಸಬಹುದೇ ಹೊರತು ಅಳತೆ ಹೇಳಲ್ಲ. ಆಡಿಯೋಗ್ರಾಮ್ ಗೆರೆ ಎಡದಿಂದ ಬಲಕ್ಕೆ ಹೋಗ್ತಾ 2000 ದಾಟಿದ ಮೇಲೆ ಕಡಿದಾಗಿ ಇಳಿದಿತ್ತು. “ಹೋದದ್ದು ವಾಪಸ್ ಬರಲ್ಲ, ಉಳಿದದ್ದನ್ನ ಬಳಸ್ಕೋಬಹುದು” ಅಂದರು ಡಾಕ್ಟರ್. ಹಿಯರಿಂಗ್ ಏಡ್ ಬೇಡ ಅಂತ ಅಪ್ಪ ಎರಡು ತಿಂಗಳು ಹಟ ಮಾಡಿದರು. “ಊರೋರು ಏನಂತಾರೆ?” ಕೊನೆಗೆ ಒಪ್ಪಿಸಿದ್ದು ನಾನಲ್ಲ, ಅಕ್ಕನ ಮಗಳು.

ಹಾಕಿಸಿಕೊಂಡು ಬರುವಾಗ ಚಳ್ಳಕೆರೆಯಲ್ಲಿ ತಿರುಗೋಕೆ ಇಂಡಿಕೇಟರ್ ಹಾಕಿದೆ. ಅಪ್ಪ ರೇಡಿಯೋ ಆಫ್ ಮಾಡಿ ಡ್ಯಾಶ್‌ಬೋರ್ಡ್ ಕಡೆ ಬಗ್ಗಿದರು.

“ಅದೇನೋ ಟಿಕ್ ಟಿಕ್ ಅಂತೈತೆ. ಮತ್ತೇನೋ ಕೆಟ್ಟೈತೆ ನೋಡು.”

“ಏನೂ ಕೆಟ್ಟಿಲ್ಲಪ್ಪ. ಅದು ಮೊದಲಿಂದಲೂ ಐತೆ,” ಅಂದೆ.

ಈ ಸಲ ಊರಿಗೆ ಹೋದಾಗ ನೀವೂ ಒಮ್ಮೆ ಗಮನಿಸಿ: ಟಿವಿ ಸದ್ದು ಎಷ್ಟಿದೆ, ಯಾರು ಸುಮ್ಮನೆ ತಲೆ ಆಡಿಸ್ತಿದ್ದಾರೆ ಅಂತ. ‘ಸರಿಯಾಗಿ ಕೇಳಿಸ್ಕೊಳಿ’ ಅಂತ ರೇಗೋ ಮುಂಚೆ.