ಬಾಯಿಗೆ ಹೋಗುವ ಬಣ್ಣ: ಚನ್ನಪಟ್ಟಣದಲ್ಲಿ ಒಂದು ಗಿಲಕಿ ಹುಡುಕುತ್ತಾ

ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಚನ್ನಪಟ್ಟಣ ಕಣ್ಣಿಗೇ ಬೀಳೋದಿಲ್ಲ, ಬೈಪಾಸ್‌ನಲ್ಲೇ ದಾಟಿಬಿಡ್ತೀವಿ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಹಳೇ ಮೈಸೂರು ರಸ್ತೆಗೆ ಇಳಿದರೆ ಮಾತ್ರ ಗೊಂಬೆ ಅಂಗಡಿಗಳ ಸಾಲು. ನಾನು ಹೋಗಿದ್ದು ತಂಗಿಯ ಎಂಟು ತಿಂಗಳ ಮಗಳಿಗೆ ಗಿಲಕಿ ತರೋಕೆ. ಆ ಪುಟ್ಟಿಗೆ ಆಟಿಕೆ ಅಂದ್ರೆ ಚೀಪೋ ವಸ್ತು. ಹಾಗಾಗಿ ಆಕಾರಕ್ಕಿಂತ ಬಣ್ಣದ್ದೇ ನನಗೆ ಚಿಂತೆ.

ಅಂಗಡಿಗಿಂತ ಹಿಂದಿನ ಗಲ್ಲಿಯ ಕಾರ್ಖಾನೆ ನೋಡಿ ಅಂತ ನನ್ನ ಸಲಹೆ. ಹಾಲೆ ಮರದ ತುಂಡು ಲೇತ್ ಮೇಲೆ ಗಿರಗಿರ ತಿರುಗ್ತಿರುತ್ತೆ. ಉಳಿ ತಾಗಿಸಿದರೆ ಆಕಾರ ಬರುತ್ತೆ. ಆಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತೆ. ಕೊನೆಗೆ ಒಣಗಿದ ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಬ್ರಷ್ ಇಲ್ಲ, ಥಿನ್ನರ್ ವಾಸನೆ ಇಲ್ಲ. ಅರಗು ಕೀಟದ ಸ್ರಾವ. ಅದನ್ನೇ ಶುದ್ಧ ಮಾಡಿ ಮಾತ್ರೆ, ಮಿಠಾಯಿಗಳ ಹೊಳಪಿಗೂ ಬಳಸ್ತಾರೆ.

ಆದ್ರೆ ಅರಗು ಒಳ್ಳೇದಾದರೆ ಸಾಲದು, ಅದಕ್ಕೆ ಬೆರೆಸಿದ ಬಣ್ಣ ಯಾವುದು?

‘ಅಣ್ಣ, ಈ ಹಳದಿ ಏನು?’

‘ಅದು ಅರಿಶಿನ ಅಕ್ಕಾ. ಆ ಮಿಂಚೋದಿದ್ಯಲ್ಲ, ಅದು ಪೌಡರ್ ಬಣ್ಣ. ಕೇಳಿದೋರಿಗೆ ಹೇಳ್ತೀವಿ.’

ಕೇಳದೋರಿಗೆ? ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪೌಡರ್ ಬಣ್ಣ ಅಂದ ತಕ್ಷಣ ವಿಷ ಅಂತಲ್ಲ. ಆದ್ರೆ ಕೆಲವು ಗಾಢ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ ಇರಬಹುದು. ಮಕ್ಕಳ ಮೆದುಳಿಗೆ ಸೀಸ ಸ್ವಲ್ಪವೂ ಒಳ್ಳೇದಲ್ಲ. ಮನೆಗೆ ಬಳಿಯುವ ಪೇಂಟಿಗೇ 2017ರಿಂದ 90 ಪಿಪಿಎಂ ಮಿತಿ ಇದೆ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡೋ ಉಪಾಯ ಬಣ್ಣ ಬಿಡುತ್ತಾ ಅಂತ ಹೇಳುತ್ತೆ, ಸೀಸ ಇದೆಯಾ ಅಂತ ಹೇಳಲ್ಲ.

ಐಎಸ್‌ಐ ಗುರುತು ನೋಡಿದರೆ ಆಯ್ತಲ್ಲ ಅಂತೀರಾ? 2021ರಿಂದ ಆಟಿಕೆಗಳಿಗೆ ಅದು ಕಡ್ಡಾಯ, ನಿಜ. ಆದ್ರೆ ನೋಂದಾಯಿತ ಕುಶಲಕರ್ಮಿಗಳಿಗೆ, ಜಿಐ ನೋಂದಣಿ ಇರುವವರ ಆಟಿಕೆಗಳಿಗೆ ವಿನಾಯಿತಿ ಇದೆ. ಸಣ್ಣ ಕಾರ್ಖಾನೆ ಉಳೀಬೇಕಾದರೆ ಅದು ಸರಿಯೇ. ಆದರೆ ಕೇಳೋ ಕೆಲಸ ನಮ್ಮ ತಲೆಗೆ ಬಂತು.

ಇನ್ನೊಂದು ವಿಷಯ ಲೇತ್ ಪಕ್ಕ ನಿಂತಾಗಲೇ ಹೊಳೆದಿದ್ದು. ಕಡ್ಡಿ ಒತ್ತಿ ಅರಗು ಹಚ್ಚೋದು ತಿರುಗುವ ದುಂಡು ಮೈಗೆ ಮಾತ್ರ ಸಾಧ್ಯ. ಕೆತ್ತಿದ ಕಿವಿ, ಕಣ್ಣು, ಮೂಗಿಗೆ ಬ್ರಷ್ಷೇ ಬೇಕು. ಕೊಪ್ಪಳದ ಕಿನ್ನಾಳ ಗೊಂಬೆಗಳೂ ಬಣ್ಣ ಬಳಿದವೇ. ಎಷ್ಟು ಚೆಂದ! ಅವು ಶೋಕೇಸಿಗೆ, ಹಲ್ಲು ಬರ್ತಿರೋ ಮಗುವಿನ ಬಾಯಿಗಲ್ಲ.

ನಾನು ತಗೊಂಡಿದ್ದು ಅರಿಶಿನದ ಪಟ್ಟಿ ಇರುವ, ಹಿಡಿ ಬಣ್ಣವಿಲ್ಲದೆ ಬಿಟ್ಟ ದುಂಡನೆ ಗಿಲಕಿ. ಒಳಗಿನ ಕಾಳು ಹೊರಬರುವಂಥ ಸೀಳಿಲ್ಲ ಅಂತಲೂ ನೋಡಿಕೊಂಡೆ. ತಂಗಿಗೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದೆ: ಬಾಟಲಿ ಜೊತೆ ಇದನ್ನೂ ಕುದಿಸಬೇಡ, ಅರಗು ಮೆತ್ತಗಾಗುತ್ತೆ. ಸ್ಯಾನಿಟೈಸರ್ ಅಂತೂ ಬೇಡವೇ ಬೇಡ, ಸ್ಪಿರಿಟ್‌ನಲ್ಲಿ ಅರಗು ಕರಗುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು.