ಕೊಳ್ಳುವ ಮೊದಲು ಒಂದು ಹೋಳು

ಸಂತೆಯಲ್ಲಿ ಮಾವು ಮಾರುವವನು ಕೂಡ ಒಂದು ಹೋಳು ಕೊಯ್ದು ಕೊಡುತ್ತಾನೆ. ಮೂರು ವರ್ಷದ ಓದನ್ನು ಮಾತ್ರ ನಮ್ಮ ಮಕ್ಕಳು ರುಚಿ ನೋಡದೆ ಕೊಳ್ಳುತ್ತಾರೆ.

ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ‘ಟೇಸ್ಟರ್ ಡೇ’ ಎಂಬ ರೂಢಿಯಿದೆ. ಹದಿನಾರು, ಹದಿನೇಳರ ಮಕ್ಕಳು ಒಂದು ದಿನ ಬಂದು ತಮಗೆ ಬೇಕೆನಿಸಿದ ವಿಷಯದ ಪಾಠಕ್ಕೆ ಕೂರುತ್ತಾರೆ. ಅಲ್ಲಿ ಸಾಮಾನ್ಯವಾಗಿ ಅರ್ಜಿ ಹಾಕುವಾಗಲೇ ವಿಷಯ ಹೇಳಬೇಕು. ಶಾಲೆಯಲ್ಲಿ ಹೆಸರೇ ಕೇಳದ ಭಾಷಾವಿಜ್ಞಾನದಂಥ ವಿಷಯಕ್ಕೆ ಈ ಒಂದು ದಿನವೇ ಬಾಗಿಲು.

ನಮ್ಮಲ್ಲಿ ಹತ್ತನೆಯ ತರಗತಿ ಮುಗಿಯುತ್ತಲೇ ವಿಜ್ಞಾನ, ವಾಣಿಜ್ಯ, ಕಲೆ ಎಂದು ದಾರಿ ಕವಲೊಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಎಲ್ಲರಿಗೂ ತೆರೆದುಕೊಂಡಾಗ ಪ್ರಯೋಗಾಲಯಗಳ ಮುಂದೆ ಮಕ್ಕಳ ಸಾಲು ಬೆಳೆಯುತ್ತದೆ. ಭಾಷಾವಿಜ್ಞಾನಕ್ಕೆ ಅಷ್ಟು ಸಿದ್ಧತೆಯೂ ಬೇಡ, ಒಂದು ಕರಿಹಲಗೆ ಸಾಕು.

‘ಮನೆಗೆ, ಮರಕ್ಕೆ, ಊರಿಗೆ, ಅಣ್ಣನಿಗೆ’ ಎಂದು ಬರೆದು, ಒಂದೇ ವಿಭಕ್ತಿಗೆ ಇಷ್ಟು ರೂಪ ಏಕೆ ಎಂದು ಕೇಳಿದರಾಯಿತು. ಪುಣೆಯಲ್ಲಿ ಬೆಳೆದು, ಮನೆಯಲ್ಲಿ ಕನ್ನಡ ಆಡುತ್ತ, ಅಕ್ಷರ ಮಾತ್ರ ಬಾರದ ಹುಡುಗಿಯೂ ‘ಮರಗೆ’ ಎನ್ನುವುದಿಲ್ಲ. ‘ಮೊಬೈಲ್’ ಕೊಟ್ಟರೆ ‘ಮೊಬೈಲಿಗೆ’ ಎನ್ನುತ್ತಾಳೆ. ಯಾರೂ ಕಲಿಸದ ನಿಯಮ ಅವಳ ಬಾಯಲ್ಲಿದೆ. ಪದ ಯಾವ ಸ್ವರದಲ್ಲಿ ಮುಗಿಯುತ್ತದೆ, ಅದು ಮನುಷ್ಯನನ್ನು ಹೇಳುತ್ತದೋ ವಸ್ತುವನ್ನೋ ಎಂದು ನೋಡುತ್ತ ಹೋದರೆ, ಅದನ್ನು ಅವಳೇ ಬಿಡಿಸಿಯಾಳು. ತನ್ನದು ಅರೆಬರೆ ಕನ್ನಡವೆಂದು ಅಳುಕುತ್ತಿದ್ದವಳಿಗೆ ಅದು ಸಣ್ಣ ಸಂಗತಿಯಲ್ಲ.

ಕೊನೆಗೆ ‘ಇದು ನನಗಲ್ಲ’ ಎಂದು ಎದ್ದು ಹೋದರೂ ನಷ್ಟವಿಲ್ಲ. ಖರ್ಚಾದದ್ದು ಒಂದು ಗಂಟೆ. ಅದೇ ಮಾತು ಮೂರನೆಯ ವರ್ಷ ಹೊಳೆದರೆ, ಹೇಳಲು ಧೈರ್ಯ ಬರುವುದು ಎಷ್ಟು ಮಕ್ಕಳಿಗೆ?